ದಂಪತಿಯ ಉಳಿತಾಯ ಖಾತೆ ಬಡ್ಡಿ ಮತ್ತು ಆದಾಯ ತೆರಿಗೆ: ಸಾಗರ, ಹೊಸನಗರ, ತೀರ್ಥಹಳ್ಳಿ

ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದು ಒಂದೇ ಪಾಸ್‌ಬುಕ್ಕಿನಲ್ಲಿ ಹೆಸರಿಟ್ಟುಕೊಂಡಿದ್ದರೂ ಭಾರತದ ಆದಾಯ ತೆರಿಗೆ ಕಾನೂನಿನ ಮುಂದೆ ಅವರು ಇಬ್ಬರು ಬೇರೆ ಬೇರೆ ತೆರಿಗೆದಾರರು. ಇಬ್ಬರೂ ಸೇರಿ ಒಂದೇ ರಿಟರ್ನ್ ಸಲ್ಲಿಸುವ ಪದ್ಧತಿ ಇಲ್ಲಿಲ್ಲ. ಹೀಗಾಗಿ ಉಳಿತಾಯ ಖಾತೆಯ ಬಡ್ಡಿಗೆ ತೆರಿಗೆ ಎಷ್ಟು ಎಂದು ಲೆಕ್ಕ ಹಾಕುವ ಮೊದಲು ಆ ಬಡ್ಡಿ ಇಬ್ಬರಲ್ಲಿ ಯಾರದು ಎಂದು ತೀರ್ಮಾನವಾಗಬೇಕು. ಖಾತೆ ಯಾರ ಹೆಸರಿನಲ್ಲಿದೆ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ. ಖಾತೆಗೆ ಬಿದ್ದ ಹಣ ಯಾರದು ಎಂಬುದರಿಂದ ಆಗುತ್ತದೆ. ಶಿವಮೊಗ್ಗ ಜಿಲ್ಲೆಯ ಮಲೆನಾಡು ತಾಲ್ಲೂಕುಗಳಾದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚಿನ ತೂಕವಿದೆ. ಇಲ್ಲಿನ ಬಹುಪಾಲು ಮನೆಗಳ ಮುಖ್ಯ ಆದಾಯವಾದ ಅಡಿಕೆಗೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಅದೇ ಅಡಿಕೆಯ ಹಣ ಬ್ಯಾಂಕಿನಲ್ಲಿ ಕೂತು ದುಡಿದ ಬಡ್ಡಿಗೆ ಇದೆ. ಈ ಲೇಖನದ ಅಂಕಿಗಳು 2025-26ರ ಹಣಕಾಸು ವರ್ಷದ ಆದಾಯಕ್ಕೆ ಸಂಬಂಧಿಸಿದವು. ಸೆಕ್ಷನ್ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಅದರ ಜಾಗಕ್ಕೆ ಬಂದು ಸಂಖ್ಯೆಗಳು ಬದಲಾಗಿವೆ.

ಹಣ ಬರುವ ಬಗೆ

ಮಲೆನಾಡಿನಲ್ಲಿ ಹಣ ತಿಂಗಳ ಸಂಬಳದಂತೆ ಬರುವುದಿಲ್ಲ. ಮಳೆಗಾಲ ಹಿಂದೆ ಸರಿದ ಮೇಲೆ ಕೊನೆ ಕೊಯ್ಲು ಶುರುವಾಗಿ, ಸುಲಿದು, ಬೇಯಿಸಿ, ಒಣಗಿಸಿ, ಆರಿಸಿ ಮೂಟೆ ಕಟ್ಟುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಮಂಡಿಗಳಲ್ಲೋ, 1939ರಲ್ಲಿ ಹುಟ್ಟಿದ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ ಅರ್ಥಾತ್ ಮ್ಯಾಮ್ಕೋಸ್‌ನಲ್ಲೋ ಮಾರಿದಾಗ ವರ್ಷದ ಆದಾಯದ ದೊಡ್ಡ ಪಾಲು ಎರಡು ಮೂರು ಕಂತುಗಳಲ್ಲಿ ಖಾತೆಗೆ ಬೀಳುತ್ತದೆ. ಕೊಳೆ ಔಷಧಿ ಹೊಡೆಸುವುದಕ್ಕೆ, ಗೊಬ್ಬರ ಮಣ್ಣಿಗೆ, ಆಳುಗಳ ಕೂಲಿಗೆ, ಮಕ್ಕಳ ಕಾಲೇಜಿಗೆ ಅದು ಕರಗುವುದು ತಿಂಗಳುಗಟ್ಟಲೆ ನಿಧಾನವಾಗಿ. ಅಲ್ಲಿಯವರೆಗೆ ಅದು ಎಸ್‌ಬಿ ಖಾತೆಯಲ್ಲೇ ಇರುತ್ತದೆ.

ಬ್ಯಾಂಕುಗಳು 2010ರ ಏಪ್ರಿಲ್ 1ರಿಂದ ಉಳಿತಾಯ ಖಾತೆಯ ಬಡ್ಡಿಯನ್ನು ದಿನದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಿವೆ. ಅಂಚೆ ಕಚೇರಿ ಮಾತ್ರ ಹಳೆಯ ಕ್ರಮವನ್ನೇ ಉಳಿಸಿಕೊಂಡಿದೆ: ತಿಂಗಳ 10ನೇ ತಾರೀಖಿನಿಂದ ಕೊನೆಯವರೆಗೆ ಇದ್ದ ಅತಿ ಕಡಿಮೆ ಬಾಕಿಗೆ ಬಡ್ಡಿ. ಅಡಿಕೆ ದುಡ್ಡು 12ನೇ ತಾರೀಖು ಅಂಚೆ ಖಾತೆಗೆ ಬಂದರೆ ಆ ತಿಂಗಳು ಅದಕ್ಕೆ ಬಡ್ಡಿ ಹುಟ್ಟುವುದಿಲ್ಲ. ದರದಲ್ಲೂ ವ್ಯತ್ಯಾಸವಿದೆ. ರಿಸರ್ವ್ ಬ್ಯಾಂಕ್ 2011ರ ಅಕ್ಟೋಬರ್ 25ರಂದು ಉಳಿತಾಯ ಖಾತೆಯ ದರವನ್ನು ಬ್ಯಾಂಕುಗಳ ನಿರ್ಧಾರಕ್ಕೆ ಬಿಟ್ಟಿತು. ಸ್ಟೇಟ್ ಬ್ಯಾಂಕಿನ ದರ 2025ರ ಜೂನ್‌ನಲ್ಲಿ ಶೇ 2.5ಕ್ಕೆ ಇಳಿಯಿತು, ಅಂಚೆ ಕಚೇರಿಯದು ಶೇ 4ರಲ್ಲೇ ನಿಂತಿದೆ. ಶೇ 2.5ರಂತೆ ವರ್ಷಕ್ಕೆ 10,000 ರೂಪಾಯಿ ಬಡ್ಡಿ ಬರಬೇಕಾದರೆ ಸರಾಸರಿ 4 ಲಕ್ಷ ರೂಪಾಯಿ ವರ್ಷವಿಡೀ ಖಾತೆಯಲ್ಲಿರಬೇಕು. ಉಳಿತಾಯ ಖಾತೆಯ ಬಡ್ಡಿಯೊಂದರಿಂದಲೇ ದೊಡ್ಡ ತೆರಿಗೆ ಬರುವುದು ಅಪರೂಪ ಎಂಬುದು ಇದರಿಂದ ತಿಳಿಯುತ್ತದೆ. ತೊಡಕು ಬರುವುದು ಅದು ಠೇವಣಿಯ ಬಡ್ಡಿ, ಸಂಬಳ, ಪಿಂಚಣಿ, ತೋಟದ ಆದಾಯಗಳೊಂದಿಗೆ ಸೇರಿದಾಗ.

ಅಡಿಕೆಯ ಹಣ, ಅಡಿಕೆಯದಲ್ಲದ ಬಡ್ಡಿ

ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ಸಂವಿಧಾನದಂತೆ ರಾಜ್ಯಗಳದು. ಕೇಂದ್ರದ ಕಾಯ್ದೆಯ 10(1)ನೇ ಸೆಕ್ಷನ್ ಅದನ್ನು ಪೂರ್ತಿ ಹೊರಗಿಡುತ್ತದೆ. ಆದರೆ ವಿನಾಯಿತಿ ಸಿಗುವುದು ಭೂಮಿಯಿಂದ ನೇರವಾಗಿ ಬಂದ ಆದಾಯಕ್ಕೆ. ಎರಡು ಚಹಾ ಕಂಪನಿಗಳ ಷೇರುದಾರಳಾಗಿದ್ದ ಬಾಚಾ ಎಫ್. ಗುಜ್ದಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ, ಕಂಪನಿಗಳ ಲಾಭ ಚಹಾ ತೋಟದಿಂದ ಬಂದಿದ್ದರೂ ಆಕೆಗೆ ಸಿಕ್ಕ ಲಾಭಾಂಶ ಕೃಷಿ ಆದಾಯವಲ್ಲ ಎಂದು ತೀರ್ಪಿತ್ತಿತು. ಆಕೆಯ ಆದಾಯದ ಮೂಲ ಷೇರು, ಭೂಮಿಯಲ್ಲ. ಬ್ಯಾಂಕ್ ಬಡ್ಡಿಗೂ ಇದೇ ತರ್ಕ. ಹಣ ತೋಟದ್ದು, ಬಡ್ಡಿ ಬ್ಯಾಂಕಿನದು. ಅದು ‘ಇತರ ಮೂಲಗಳ ಆದಾಯ’ ಎಂಬ ಶೀರ್ಷಿಕೆಯಡಿ ಬರುತ್ತದೆ. ‘ಅಡಿಕೆ ದುಡ್ಡಿನ ಬಡ್ಡಿಗೆ ತೆರಿಗೆಯಿಲ್ಲ’ ಎಂಬ ನಂಬಿಕೆ ಮಲೆನಾಡಿನಲ್ಲಿ ಹಳೆಯದು, ಮತ್ತು ಅದು ತಪ್ಪು.

ಇನ್ನೊಂದು ಸೂಕ್ಷ್ಮವಿದೆ. ಕೃಷಿ ಆದಾಯದ ತೆರಿಗೆಯನ್ನು ಪರಿಶೀಲಿಸಿದ ಕೆ.ಎನ್. ರಾಜ್ ಸಮಿತಿಯ ಶಿಫಾರಸಿನ ಬಳಿಕ 1973ರ ಹಣಕಾಸು ಕಾಯ್ದೆಯಿಂದ, ಒಬ್ಬ ವ್ಯಕ್ತಿಯ ಕೃಷಿ ಆದಾಯ 5,000 ರೂಪಾಯಿ ಮೀರಿ, ಇತರ ಆದಾಯವೂ ತೆರಿಗೆಯಿಲ್ಲದ ಮಿತಿ ಮೀರಿದರೆ, ತೆರಿಗೆಯ ದರವನ್ನು ಗೊತ್ತುಮಾಡಲು ಎರಡನ್ನೂ ಕೂಡಿಸಲಾಗುತ್ತದೆ. ತೀರ್ಥಹಳ್ಳಿಯಲ್ಲಿ ಸರ್ಕಾರಿ ನೌಕರಿಯಲ್ಲಿರುವ ಒಬ್ಬರಿಗೆ ಎಲ್ಲ ಕಡಿತ ಕಳೆದು 14 ಲಕ್ಷ ರೂಪಾಯಿ ಆದಾಯ, ಅವರದೇ ಹೆಸರಿನ ತೋಟದಿಂದ 6 ಲಕ್ಷ ಎಂದಿಟ್ಟುಕೊಳ್ಳೋಣ. ಹೊಸ ತೆರಿಗೆ ಪದ್ಧತಿಯಲ್ಲಿ 20 ಲಕ್ಷಕ್ಕೆ ತೆರಿಗೆ 2,00,000 ರೂಪಾಯಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ 4 ಲಕ್ಷವನ್ನು ಸೇರಿಸಿದ 10 ಲಕ್ಷಕ್ಕೆ 40,000. ಇವರು ಕೊಡಬೇಕಾದ್ದು ವ್ಯತ್ಯಾಸವಾದ 1,60,000. ತೋಟ ಅವರ ಹೆಸರಿನಲ್ಲಿಲ್ಲದೆ, ತವರಿನಿಂದ ಬಂದ ಆಸ್ತಿಯಾಗಿ ಹೆಂಡತಿಯ ಪಹಣಿಯಲ್ಲಿದ್ದಿದ್ದರೆ ಅವರ ತೆರಿಗೆ 90,000 ಮಾತ್ರ. ಹೆಂಡತಿಗೆ 6 ಲಕ್ಷ ತೋಟದ ಆದಾಯದ ಜೊತೆ 1 ಲಕ್ಷ ಬಡ್ಡಿ ಬಂದರೂ ತೆರಿಗೆ ಇಲ್ಲ, ಏಕೆಂದರೆ ಆಕೆಯ ಕೃಷಿಯೇತರ ಆದಾಯ 4 ಲಕ್ಷದೊಳಗಿದೆ. ಈ ಅಂಕಿಗಳ ಮೇಲೆ ಶೇ 4ರ ಸೆಸ್ ಬೇರೆ. ಉಳಿತಾಯ ಖಾತೆಯ ಬಡ್ಡಿಗೂ ಇದು ತಟ್ಟುತ್ತದೆ: ಮೊದಲ ಸಂದರ್ಭದಲ್ಲಿ ಆ ನೌಕರರ ಖಾತೆಗೆ ಹೊಸದಾಗಿ ಬಿದ್ದ 10,000 ರೂಪಾಯಿ ಬಡ್ಡಿಗೆ ಶೇ 25ರ ದರ, ಎರಡನೆಯದರಲ್ಲಿ ಶೇ 15.

ಪಹಣಿಯಲ್ಲಿ ಯಾರ ಹೆಸರಿದೆ ಎಂಬುದಕ್ಕೆ ಈ ತಾಲ್ಲೂಕುಗಳಲ್ಲಿ ಒಂದು ಇತಿಹಾಸವೇ ಇದೆ. ಗೇಣಿದಾರ ರೈತರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಸಾಗರ ತಾಲ್ಲೂಕಿನಲ್ಲಿ. 1974ರ ಭೂಸುಧಾರಣಾ ತಿದ್ದುಪಡಿ ಗೇಣಿದಾರನನ್ನು ಒಡೆಯನನ್ನಾಗಿಸಿತು. ಗೇಣಿಯ ಹಕ್ಕು ಮನೆಯ ಯಜಮಾನನ ಹೆಸರಿಗೆ ಬರುವುದೇ ರೂಢಿಯಾಗಿತ್ತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ, ಕೇಂದ್ರದ್ದು 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದವು. ತೋಟದಲ್ಲಿ, ಅಂಗಳದಲ್ಲಿ, ಅಡಿಕೆ ಸುಲಿಯುವ ಚಪ್ಪರದಲ್ಲಿ ಹೆಂಗಸರ ದುಡಿಮೆ ಗಂಡಸರಿಗಿಂತ ಕಡಿಮೆಯದಲ್ಲ. ಆದರೆ ಮಾರಾಟದ ಪಟ್ಟಿ ಬರುವುದು ಪಹಣಿದಾರನ ಹೆಸರಿಗೆ, ಹಣ ಹೋಗುವುದು ಅವನ ಖಾತೆಗೆ, ಬಡ್ಡಿಯೂ ಅವನ ಲೆಕ್ಕಕ್ಕೆ. ತೆರಿಗೆ ಕಾನೂನು ದುಡಿಮೆಯನ್ನು ನೋಡುವುದಿಲ್ಲ, ಒಡೆತನವನ್ನು ನೋಡುತ್ತದೆ. ಈ ಕಾನೂನಿನ ನಿಜವಾದ ಕೊರತೆ ಇದೇ ಎಂದು ಹೇಳಬೇಕು.

ಹೆಂಡತಿಯ ಖಾತೆಗೆ ಹಾಕಿದ ಗಂಡನ ಹಣ

ತೆರಿಗೆ ಉಳಿಸಲು ಗಂಡ ತನ್ನ ಹಣವನ್ನು ಹೆಂಡತಿಯ ಖಾತೆಗೆ ಹಾಕುವುದು ಎಲ್ಲ ಕಡೆಯೂ ಇದೆ. ದಂಪತಿಯ ನಡುವಿನ ಉಡುಗೊರೆಗೆ ತೆರಿಗೆಯಿಲ್ಲ. ಆ ಉಡುಗೊರೆ ದುಡಿದ ಬಡ್ಡಿಯ ಕತೆ ಬೇರೆ. ಯೋಗ್ಯ ಪ್ರತಿಫಲವಿಲ್ಲದೆ ಸಂಗಾತಿಗೆ ವರ್ಗಾಯಿಸಿದ ಸ್ವತ್ತಿನ ಆದಾಯವನ್ನು ಕೊಟ್ಟವರ ಆದಾಯಕ್ಕೇ ಸೇರಿಸಬೇಕು ಎನ್ನುತ್ತದೆ 64ನೇ ಸೆಕ್ಷನ್. ಆಡಿಟರುಗಳ ಮಾತಿನಲ್ಲಿ ಇದು ಕ್ಲಬ್ಬಿಂಗ್. 1922ರ ಕಾಯ್ದೆಗೆ 1937ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದ ನಿಯಮವಿದು. ಹೆಂಡತಿ ಗಂಡನಿಗೆ ಕೊಟ್ಟಾಗಲೂ ಈಗ ಹೀಗೆಯೇ ಅನ್ವಯಿಸುತ್ತದೆ.

ಮೋಹಿನಿ ಥಾಪರ್ ಪ್ರಕರಣದಲ್ಲಿ ಗಂಡ ಕೊಟ್ಟದ್ದು ನಗದು. ಹೆಂಡತಿ ಅದರಿಂದ ಷೇರು ಕೊಂಡರು, ಉಳಿದದ್ದನ್ನು ಠೇವಣಿ ಇಟ್ಟರು. ಕೊಟ್ಟ ಸ್ವತ್ತು ರೂಪ ಬದಲಿಸಿದರೂ ಅದರ ಆದಾಯ ಗಂಡನದೇ ಎಂದು ಸುಪ್ರೀಂ ಕೋರ್ಟ್ ನಿರ್ಧರಿಸಿತು. ಅಡಿಕೆ ಮಾರಿದ ಹಣಕ್ಕೂ ಇದು ಹೊಂದುತ್ತದೆ. ಆ ಹಣ ಗಂಡನ ಕೈಯಲ್ಲಿ ತೆರಿಗೆಮುಕ್ತವಾಗಿದ್ದರೂ, ಅವನು ಅದನ್ನು ಹೆಂಡತಿಯ ಖಾತೆಗೆ ಉಡುಗೊರೆಯಾಗಿ ಹಾಕಿದರೆ ಬಡ್ಡಿ ಅವನ ಆದಾಯಕ್ಕೇ ಸೇರುತ್ತದೆ. ಸೇರಿಸಬೇಕಾದ್ದು ಮೂಲ ಹಣದ ಬಡ್ಡಿಯನ್ನು ಮಾತ್ರ. ಆ ಬಡ್ಡಿಯನ್ನು ಹೆಂಡತಿ ಉಳಿಸಿ ಬೇರೆಡೆ ತೊಡಗಿಸಿದಾಗ ಬರುವ ಆದಾಯ ಆಕೆಯದು. ಎರಡೂ ಒಂದೇ ಖಾತೆಯಲ್ಲಿ ಬೆರೆತರೆ ವರ್ಷಗಳ ಮೇಲೆ ಬಿಡಿಸಿ ತೋರಿಸುವುದು ಕಷ್ಟ. ಬಡ್ಡಿಯ ಹಣಕ್ಕೆ ಪ್ರತ್ಯೇಕ ಖಾತೆ ಇಡಿ ಎಂದು ಆಡಿಟರುಗಳು ಹೇಳುವುದು ಇದಕ್ಕೆ.

ವರ್ಗಾವಣೆಯ ದಿನ ಅವರಿಬ್ಬರೂ ಗಂಡ ಹೆಂಡತಿಯಾಗಿರಬೇಕು ಎಂಬುದನ್ನೂ ಸುಪ್ರೀಂ ಕೋರ್ಟ್ 1963ರಲ್ಲಿ ಫಿಲಿಪ್ ಜಾನ್ ಪ್ಲಾಸ್ಕೆಟ್ ಥಾಮಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಮದುವೆಗೆ ಮೊದಲು ಕೊಟ್ಟದ್ದಕ್ಕೆ ಈ ನಿಯಮವಿಲ್ಲ. ಮಾವ ಸೊಸೆಗೆ ಕೊಟ್ಟ ಹಣಕ್ಕೆ ಇದೆ: 1973ರ ಜೂನ್ 1ರ ನಂತರ ಮಗನ ಹೆಂಡತಿಗೆ ಪ್ರತಿಫಲವಿಲ್ಲದೆ ಕೊಟ್ಟ ಸ್ವತ್ತಿನ ಆದಾಯ ಕೊಟ್ಟವರದೇ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ಅಥವಾ ಮಗಳು ಊರಿನ ಅಪ್ಪ ಅಮ್ಮನ ಖಾತೆಗೆ ಕಳಿಸಿದ ಹಣಕ್ಕೆ ಈ ತೊಡಕಿಲ್ಲ. ಅದರ ಬಡ್ಡಿ ಅಪ್ಪ ಅಮ್ಮನದು.

ಹೆಂಡತಿಯ ಸ್ವಂತ ಹಣ ಯಾವುದು? ತವರಿನಿಂದ ಬಂದ ಪಾಲು ಮತ್ತು ಸ್ತ್ರೀಧನ, ಶಾಲೆಯ ಅಥವಾ ಅಂಗನವಾಡಿಯ ಸಂಬಳ, ಸ್ವಸಹಾಯ ಸಂಘದ ದುಡಿಮೆ, ಹಾಲಿನ ಡೈರಿಯಿಂದ ಆಕೆಯ ಹೆಸರಿಗೆ ಬಂದ ಹಣ, ಅಡಿಕೆ ಸುಲಿದ ಕೂಲಿ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯ ತಿಂಗಳಿಗೆ 2,000 ರೂಪಾಯಿಯೂ ಮನೆಯ ಯಜಮಾನಿಯದೇ. ಇವುಗಳ ಬಡ್ಡಿಯನ್ನು ಗಂಡನ ಆದಾಯಕ್ಕೆ ಸೇರಿಸುವ ಪ್ರಶ್ನೆ ಬರುವುದಿಲ್ಲ. ಹಳ್ಳಿಯ ಹೆಂಗಸರ ಹೆಸರಿನ ಎಷ್ಟೋ ಖಾತೆಗಳಿಗೆ ಪ್ರತಿ ತಿಂಗಳೂ ಅವರದೇ ಎನ್ನಬಹುದಾದ ಹಣ ಬರತೊಡಗಿದ್ದು ತೆರಿಗೆಗಿಂತ ದೊಡ್ಡ ಸಂಗತಿ.

ತೋಟ ಪಾಲಾಗದೆ ಉಳಿದ ಮನೆಗಳಲ್ಲಿ ಹಿಂದೂ ಅವಿಭಕ್ತ ಕುಟುಂಬವೇ ಪ್ರತ್ಯೇಕ ತೆರಿಗೆದಾರ. ಅದಕ್ಕೆ ತನ್ನದೇ ಪ್ಯಾನ್, ತನ್ನದೇ ಖಾತೆ, ತನ್ನದೇ 4 ಲಕ್ಷದ ಮಿತಿ. ಕುಟುಂಬದ ತೋಟದ ಹಣ ಕುಟುಂಬದ ಖಾತೆಗೇ ಹೋದರೆ ಬಡ್ಡಿ ಗಂಡನದೂ ಅಲ್ಲ, ಹೆಂಡತಿಯದೂ ಅಲ್ಲ. ಆದಾಯ ಒಂದು ಮಿತಿಯೊಳಗಿದ್ದರೆ ತೆರಿಗೆಯನ್ನು ತಗ್ಗಿಸುವ, ವ್ಯಕ್ತಿಗಳಿಗೆ ಸಿಗುವ 87ಎ ರಿಯಾಯಿತಿ ಮಾತ್ರ ಅವಿಭಕ್ತ ಕುಟುಂಬಕ್ಕೆ ಸಿಗುವುದಿಲ್ಲ.

ಜಂಟಿ ಖಾತೆ

‘ಇಬ್ಬರಲ್ಲಿ ಒಬ್ಬರು ಅಥವಾ ಉಳಿದವರು’ ಎಂಬ ಷರತ್ತಿನ ಜಂಟಿ ಖಾತೆ ಮಲೆನಾಡಿನ ಮನೆಗಳಲ್ಲಿ ಸಾಮಾನ್ಯ. ಆ ಷರತ್ತು ಹೇಳುವುದು ಹಣ ತೆಗೆಯುವ ಅನುಕೂಲವನ್ನು, ಒಡೆತನವನ್ನಲ್ಲ. ಹಣ ಪೂರ್ತಿ ಗಂಡನದಾಗಿದ್ದರೆ ಬಡ್ಡಿಯೂ ಪೂರ್ತಿ ಅವನದು. ಇಬ್ಬರೂ ಹಾಕಿದ್ದರೆ ಹಾಕಿದ ಪ್ರಮಾಣದಲ್ಲಿ ಹಂಚಿಕೆ. ಅರ್ಧ ಅರ್ಧ ಎಂಬ ಪೂರ್ವಕಲ್ಪನೆ ಭಾರತದ ಉಳಿತಾಯ ಖಾತೆಗಿಲ್ಲ.

ಇದಕ್ಕೆ ತೀರ ಹತ್ತಿರದಲ್ಲೇ ಒಂದು ಅಪವಾದವಿದೆ. ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಬಳುವಳಿಯಾಗಿ ದಂಪತಿಗೆ ಆಸ್ತಿಯ ಸಮಾನ ಒಡೆತನವಿದೆ. ಅದನ್ನು ಮನ್ನಿಸಿ 5ಎ ಸೆಕ್ಷನ್, ಸಂಬಳ ಬಿಟ್ಟು ಉಳಿದೆಲ್ಲ ಆದಾಯವನ್ನು ಗಂಡ ಹೆಂಡತಿಗೆ ಸಮನಾಗಿ ಹಂಚುತ್ತದೆ. ಗೋವಾದ ದಂಪತಿಯಲ್ಲಿ ಒಬ್ಬರ ಖಾತೆಯ ಬಡ್ಡಿ 80,000 ರೂಪಾಯಿಯಾದರೆ ಇಬ್ಬರೂ 40,000ದಂತೆ ತೋರಿಸುತ್ತಾರೆ. ಸಾಗರದ ದಂಪತಿಗೆ ಆ ದಾರಿಯಿಲ್ಲ. ಹೊರದೇಶಗಳಲ್ಲೂ ಏಕಾಭಿಪ್ರಾಯವಿಲ್ಲ. ಬ್ರಿಟನ್ನಿನಲ್ಲಿ 1990ರ ಏಪ್ರಿಲ್‌ವರೆಗೆ ಹೆಂಡತಿಯ ಆದಾಯವನ್ನು ಗಂಡನದೆಂದೇ ಎಣಿಸುತ್ತಿದ್ದರು. ಈಗ ಇಬ್ಬರೂ ಪ್ರತ್ಯೇಕ, ಜಂಟಿ ಖಾತೆಯ ಬಡ್ಡಿ ಸಾಮಾನ್ಯವಾಗಿ ಅರ್ಧ ಅರ್ಧ. ಅಮೆರಿಕದಲ್ಲಿ 1948ರಿಂದ ಜಂಟಿ ರಿಟರ್ನ್‌ನಲ್ಲಿ ಆದಾಯ ಹಂಚಿಕೊಳ್ಳುವ ಅವಕಾಶವಿದೆ. ಜರ್ಮನಿಯಲ್ಲಿ ಉಳಿತಾಯದ ಆದಾಯಕ್ಕೆ ಒಬ್ಬರಿಗೆ 1,000 ಯೂರೊ, ದಂಪತಿಗೆ 2,000 ಯೂರೊ ವಿನಾಯಿತಿ. ಮನೆಗೆಲಸ ಮತ್ತು ತೋಟದ ಕೆಲಸಕ್ಕೆ ಕೂಲಿ ಲೆಕ್ಕ ಹಾಕದ ನಾಡಿನಲ್ಲಿ ಗೋವಾದ ಕ್ರಮವೇ ಹೆಚ್ಚು ನ್ಯಾಯವಾದದ್ದು.

ಪ್ರಾಯೋಗಿಕವಾಗಿ ಕಷ್ಟ ಕೊಡುವುದು ಪ್ಯಾನ್. ಜಂಟಿ ಖಾತೆಯ ಬಡ್ಡಿ ಸಾಮಾನ್ಯವಾಗಿ ಮೊದಲ ಹೆಸರಿನವರ ಪ್ಯಾನ್‌ಗೆ ವರದಿಯಾಗಿ, ಅವರ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ಕಾಣಿಸಿಕೊಳ್ಳುತ್ತದೆ. 2021ರ ನವೆಂಬರ್‌ನಲ್ಲಿ ಬಂದ ಈ ಪಟ್ಟಿಯಲ್ಲಿ ಸಣ್ಣ ಮೊತ್ತದ ಉಳಿತಾಯ ಬಡ್ಡಿಯೂ ಇರುತ್ತದೆ. ಹಣ ಹೆಂಡತಿಯದಾಗಿದ್ದು ಮೊದಲ ಹೆಸರು ಗಂಡನದಾಗಿದ್ದರೆ, ಈ ಮಾಹಿತಿ ಬೇರೆ ಪ್ಯಾನ್‌ಗೆ ಸೇರಿದ್ದು ಎಂದು ಅದೇ ಪಟ್ಟಿಯಲ್ಲಿ ಪ್ರತಿಕ್ರಿಯೆ ದಾಖಲಿಸಬಹುದು. ಠೇವಣಿಯ ಮೇಲೆ ತೆರಿಗೆ ಕಡಿತವಾಗಿದ್ದರೆ, 37ಬಿಎ ನಿಯಮದಂತೆ ಬ್ಯಾಂಕಿಗೆ ಘೋಷಣೆ ಕೊಟ್ಟು ಅದರ ಲಾಭವನ್ನು ನಿಜವಾದ ಒಡೆಯರ ಹೆಸರಿಗೆ ತಿರುಗಿಸಿಕೊಳ್ಳಲು ಅವಕಾಶವಿದೆ. ಇವೆಲ್ಲಕ್ಕಿಂತ ಸುಲಭದ ದಾರಿ, ಹಣ ಯಾರದೋ ಅವರ ಹೆಸರನ್ನೇ ಮೊದಲು ಬರೆಸುವುದು.

ಕಡಿತ, ವಿನಾಯಿತಿ, ಟಿಡಿಎಸ್

ಬಡ್ಡಿಗೆ ಕಡಿತ ಕೊಡುತ್ತಿದ್ದ 80ಎಲ್ ಸೆಕ್ಷನ್ 2005ರಲ್ಲಿ ರದ್ದಾಯಿತು. ಕೆಲವು ವರ್ಷಗಳ ಬಳಿಕ, 2012ರ ಹಣಕಾಸು ಕಾಯ್ದೆ 80ಟಿಟಿಎ ತಂದಿತು: ಉಳಿತಾಯ ಖಾತೆಯ ಬಡ್ಡಿಯಲ್ಲಿ ವರ್ಷಕ್ಕೆ 10,000 ರೂಪಾಯಿವರೆಗೆ ಕಡಿತ. ಇದು ಒಬ್ಬ ವ್ಯಕ್ತಿಯ ಎಲ್ಲ ಖಾತೆಗಳಿಗೂ ಸೇರಿ ಒಂದೇ ಮಿತಿ. 60 ವರ್ಷ ತುಂಬಿದ ನಿವಾಸಿಗಳಿಗೆ 2018-19ರಿಂದ 80ಟಿಟಿಬಿ: ಉಳಿತಾಯ, ನಿಶ್ಚಿತ ಠೇವಣಿ, ಆರ್‌ಡಿ ಎಲ್ಲ ಸೇರಿ 50,000 ರೂಪಾಯಿ. ದಂಪತಿಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಮಿತಿ ಇರುವುದರಿಂದ, ಇಬ್ಬರ ಸ್ವಂತ ಹಣವೂ ಇದ್ದಲ್ಲಿ ಹಿರಿಯ ದಂಪತಿ 1 ಲಕ್ಷದವರೆಗೆ ಕಳೆಯಬಹುದು.

ಈ ಎರಡೂ ಸಿಗುವುದು ಹಳೆಯ ಪದ್ಧತಿ ಆರಿಸಿಕೊಂಡವರಿಗೆ. 2023-24ರಿಂದ ತಾನಾಗಿ ಅನ್ವಯಿಸುವ ಹೊಸ ಪದ್ಧತಿಯಲ್ಲಿ ಇವಿಲ್ಲ. ಅದರ ಬದಲು ಒಟ್ಟು ಆದಾಯ 12 ಲಕ್ಷದೊಳಗಿದ್ದರೆ 87ಎ ರಿಯಾಯಿತಿಯಿಂದ ತೆರಿಗೆ ಸಾಮಾನ್ಯವಾಗಿ ಸೊನ್ನೆಯಾಗುತ್ತದೆ. ಆ 12 ಲಕ್ಷದಲ್ಲಿ ತೋಟದ ಆದಾಯವನ್ನು ಎಣಿಸುವುದಿಲ್ಲ. ಆದ್ದರಿಂದ ಈ ಮೂರು ತಾಲ್ಲೂಕುಗಳ ಬಹುತೇಕ ಬೆಳೆಗಾರ ದಂಪತಿಗೆ ಇಂದು ಬಡ್ಡಿಯ ಮೇಲೆ ಕಟ್ಟಬೇಕಾದ ತೆರಿಗೆಯೇ ಇರುವುದಿಲ್ಲ.

ಎರಡೂ ಪದ್ಧತಿಗಳಲ್ಲಿ ಉಳಿಯುವ ವಿನಾಯಿತಿ ಅಂಚೆ ಕಚೇರಿಯದು. ಅಂಚೆ ಉಳಿತಾಯ ಖಾತೆಯ ಬಡ್ಡಿಯಲ್ಲಿ ಒಬ್ಬರ ಖಾತೆಗೆ 3,500, ಜಂಟಿ ಖಾತೆಗೆ 7,000 ರೂಪಾಯಿ ತೆರಿಗೆಮುಕ್ತ. ಈ ಮಿತಿ ಬಂದದ್ದು 2011ರ ಜೂನ್ 3ರ ಅಧಿಸೂಚನೆಯಿಂದ. ಶೇ 4ರ ದರದಲ್ಲಿ ಜಂಟಿ ಖಾತೆಯ 1,75,000 ರೂಪಾಯಿಯ ಬಡ್ಡಿಗೆ ಇದು ಸಾಕು. ತೆರಿಗೆ ವ್ಯವಸ್ಥೆ ಉಳಿತಾಯ ಖಾತೆಯ ‘ಜಂಟಿ’ ಎಂಬ ಗುಣಕ್ಕೆ ನೇರವಾಗಿ ಬೆಲೆ ಕೊಡುವ ಅಪರೂಪದ ಜಾಗವಿದು.

ಉಳಿತಾಯ ಖಾತೆಯ ಬಡ್ಡಿಗೆ ಬ್ಯಾಂಕುಗಳು ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುವುದಿಲ್ಲ. ನಿಶ್ಚಿತ ಠೇವಣಿಯ ಬಡ್ಡಿ ವರ್ಷಕ್ಕೆ 50,000, ಹಿರಿಯರಿಗೆ 1 ಲಕ್ಷ ರೂಪಾಯಿ ಮೀರಿದರೆ ಹಿಡಿಯುತ್ತವೆ. ಈ ಮಿತಿಗಳು 2025ರ ಏಪ್ರಿಲ್ 1ರಿಂದ ಬಂದವು. ಪ್ಯಾನ್ ಕೊಡದಿದ್ದರೆ ಕಡಿತ ಶೇ 20. ಸಹಕಾರ ಸಂಘ ತನ್ನ ಸದಸ್ಯರಿಗೆ ಕೊಡುವ ಬಡ್ಡಿಗೆ ಟಿಡಿಎಸ್ ಇಲ್ಲ ಎಂಬ ಹಳೆಯ ನಿಯಮವನ್ನು 2020ರಲ್ಲಿ ತಿದ್ದಿ, 50 ಕೋಟಿ ಮೀರಿದ ವಹಿವಾಟಿನ ಸಂಘಗಳನ್ನು ಒಳಗೆ ತರಲಾಯಿತು. ಮಲೆನಾಡಿನಲ್ಲಿ ಹಳ್ಳಿ ಹಳ್ಳಿಯ ಪ್ರಾಥಮಿಕ ಸಹಕಾರ ಸಂಘಗಳಲ್ಲಿ ಠೇವಣಿ ಇಡುವವರು ಬಹಳ. ಸಂಘ ತೆರಿಗೆ ಹಿಡಿಯಲಿಲ್ಲ ಎಂದರೆ ಬಡ್ಡಿಗೆ ತೆರಿಗೆಯೇ ಇಲ್ಲ ಎಂದರ್ಥವಲ್ಲ, ರಿಟರ್ನ್‌ನಲ್ಲಿ ತೋರಿಸಲೇಬೇಕು. 80ಟಿಟಿಎ ಕಡಿತ ಸಿಗುವುದು ಬ್ಯಾಂಕಿಂಗ್ ವ್ಯವಹಾರ ನಡೆಸುವ ಸಹಕಾರ ಸಂಘದ ಖಾತೆಗೆ ಎಂದು ಕಾಯ್ದೆ ಹೇಳುವುದರಿಂದ, ಸಂಘದ ಖಾತೆಗೆ ಕಡಿತ ಕೇಳುವ ಮೊದಲು ಆಡಿಟರನ್ನು ವಿಚಾರಿಸುವುದು ಒಳ್ಳೆಯದು.

ತೆರಿಗೆ ಒಬ್ಬರದು, ಪರಿಣಾಮ ಇಬ್ಬರದು

ತೆರಿಗೆ ಕಾಯ್ದೆ ದಂಪತಿಯನ್ನು ಬೇರೆ ಮಾಡಿ ನೋಡಿದರೂ ಸರ್ಕಾರದ ಯೋಜನೆಗಳು ಜೋಡಿಸಿ ನೋಡುತ್ತವೆ. ವರ್ಷಕ್ಕೆ 6,000 ರೂಪಾಯಿಯ ಪಿಎಂ-ಕಿಸಾನ್ ಸಮ್ಮಾನ್, ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳಿರುವ ಕುಟುಂಬದಲ್ಲಿ ಯಾರೇ ಹಿಂದಿನ ಕರ ನಿರ್ಧರಣ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದ್ದರೂ ಸಿಗುವುದಿಲ್ಲ. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಗೃಹಲಕ್ಷ್ಮಿಯೂ ಇಲ್ಲ. ವರ್ಷಕ್ಕೆ ಎರಡೂ ಸೇರಿ 30,000 ರೂಪಾಯಿ. ಠೇವಣಿ ಮತ್ತು ಉಳಿತಾಯದ ಬಡ್ಡಿಯಿಂದ ಗಂಡನಿಗೆ ಬಂದ ಕೆಲವೇ ನೂರು ರೂಪಾಯಿ ತೆರಿಗೆ, ಹೆಂಡತಿಯ 24,000 ರೂಪಾಯಿಯನ್ನು ತಪ್ಪಿಸಬಲ್ಲದು. ಹೊಸನಗರದಂಥ ತಾಲ್ಲೂಕಿನ ಸಣ್ಣ ಹಿಡುವಳಿಯ ಮನೆಗೆ ಬಡ್ಡಿಯ ತೆರಿಗೆಗಿಂತ ಈ ನಷ್ಟವೇ ದೊಡ್ಡದು. ತೆರಿಗೆಗೆ ಬೇರೆ, ಸೌಲಭ್ಯಕ್ಕೆ ಒಂದೇ ಎನ್ನುವ ಈ ಎರಡು ಅಳತೆ ಸರಿಯಲ್ಲ.

ಒಬ್ಬರು ತೀರಿಕೊಂಡಾಗ

ಜಂಟಿ ಖಾತೆಯವರಲ್ಲಿ ಒಬ್ಬರು ತೀರಿಕೊಂಡರೆ ಹಣ ತೆಗೆಯುವ ಹಕ್ಕು ಉಳಿದವರಿಗೆ ಬರುತ್ತದೆ. ನಾಮಿನಿಗೂ ಬ್ಯಾಂಕ್ ಹಣ ಕೊಡುತ್ತದೆ. ನಾಮಿನಿ ವಾರಸುದಾರರ ಪರವಾಗಿ ಹಣ ಪಡೆಯುವವರೇ ಹೊರತು ಅದರ ಒಡೆಯರಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಹೇಳಿದೆ. ತೆರಿಗೆಯ ಮಟ್ಟಿಗೆ ಆ ವರ್ಷ ಎರಡು ಭಾಗವಾಗುತ್ತದೆ. ಗಂಡನ ಹಣದ ಬಡ್ಡಿಯಲ್ಲಿ ಅವನು ತೀರಿಕೊಂಡ ದಿನದವರೆಗಿನದು ಅವನ ಆದಾಯ. ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಂಡವರು ಅವನ ಹೆಸರಿನಲ್ಲೇ ರಿಟರ್ನ್ ಸಲ್ಲಿಸಬೇಕು. ಅಲ್ಲಿಂದ ಮುಂದಿನ ಬಡ್ಡಿ, ಹಣ ಯಾರಿಗೆ ಸಲ್ಲುತ್ತದೋ ಅವರದು. ಅದು ಹೆಂಡತಿಯದಾದರೆ ಕ್ಲಬ್ಬಿಂಗ್ ಅಲ್ಲಿಗೆ ಮುಗಿಯಿತು. ಗಂಡನಿಂದ ಹಿಂದೆ ಉಡುಗೊರೆಯಾಗಿ ಬಂದಿದ್ದ ಹಣದ ಬಡ್ಡಿಯೂ ಆ ದಿನದಿಂದ ಆಕೆಯ ಸ್ವಂತ ಆದಾಯ. ಬ್ಯಾಂಕು ಮೂರು ತಿಂಗಳಿಗೊಮ್ಮೆ, ಅಂಚೆ ಕಚೇರಿ ಹಣಕಾಸು ವರ್ಷದ ಕೊನೆಗೆ ಬಡ್ಡಿ ಜಮಾ ಮಾಡುವುದರಿಂದ ಪಾಸ್‌ಬುಕ್ಕಿನ ಸಾಲುಗಳಲ್ಲಿ ಈ ವಿಭಜನೆ ಕಾಣಿಸದು. ಆ ದಿನದವರೆಗಿನ ಬಡ್ಡಿಯ ಪ್ರಮಾಣಪತ್ರವನ್ನು ಶಾಖೆಯಿಂದ ಕೇಳಿ ಪಡೆಯಬೇಕಾಗುತ್ತದೆ.